ಮಾವನ ನೂರು ಅಡಿ

೧೯೯೩ನೇ ಇಸವಿಯಲ್ಲಿ ನಾನು ಓದು ನಿಲ್ಲಿಸಿದೆ. ಎಂಟನೆಯ ಇಯತ್ತೆ, ಗಣಿತದಲ್ಲಿ ಹನ್ನೊಂದು ಅಂಕ. ಇದನ್ನು ನಾನು ಯಾರಿಂದಲೂ ಮುಚ್ಚಿಟ್ಟವನಲ್ಲ. ನನ್ನ ಸ್ಟುಡಿಯೊದ ಬೋರ್ಡಿನಲ್ಲಿ ಹೆಸರಿನ ಮುಂದೆ ಡಿಗ್ರಿ ಇಲ್ಲ. ಆದರೆ ಭಟ್ಕಳದಿಂದ ಕುಮಟೆಯವರೆಗೆ ನಾನು ವಿಡಿಯೊ ತೆಗೆಯದ ಮದುವೆ ಮಂಟಪವೂ ಇಲ್ಲ. ಆದರೂ ಆ ಹನ್ನೊಂದು ಅಂಕದ ಪೂರ್ತಿ ಹೊಣೆ ನನ್ನದೊಬ್ಬನದೇ ಅಲ್ಲವೆಂದು ಹೇಳಿಬಿಡುತ್ತೇನೆ. ಒಂದು ಗಂಟೆಗೆ ಎಷ್ಟು ನಿಮಿಷ ಎಂದು ಮಾಸ್ತರರು ಕೇಳಿದಾಗ, ಎದ್ದು ನಿಂತು, ಎದೆಯುಬ್ಬಿಸಿ, "ಎರಡು ಸಾವಿರದ ನೂರ ಅರವತ್ತು ಅಡಿ" ಎಂದು ಉತ್ತರ ಕೊಟ್ಟವನು ನಾನು. ಮುಂಬಯಿಯಿಂದ ರಜೆಗೆ ಬಂದಾಗ ಅದನ್ನು ಕಲಿಸಿಕೊಟ್ಟವನು ನನ್ನ ಸೋದರಮಾವ.

ಕಾಲವನ್ನು ಅಡಿಯಲ್ಲಿ ಅಳೆಯುವ ಇನ್ನೊಬ್ಬ ಮನುಷ್ಯ ಈ ಜಿಲ್ಲೆಯಲ್ಲಿದ್ದರೆ ದಯವಿಟ್ಟು ತಿಳಿಸಿ, ಇಬ್ಬರನ್ನೂ ಕೂರಿಸಿ ಮಾತಾಡಿಸಬೇಕು. ಮಾವ ಮುಂಬಯಿಯಲ್ಲಿ ಸಿನಿಮಾ ಫಿಲ್ಮ್ ತೊಳೆಯುವ ಒಂದು ಲ್ಯಾಬಿನ ಕತ್ತಲ ಕೋಣೆಯಲ್ಲಿ ಹತ್ತೊಂಬತ್ತು ವರ್ಷ ದುಡಿದವನು. ಅಲ್ಲಿ ಗಡಿಯಾರ ಕಾಣುವುದಿಲ್ಲ. ಕೈಯಲ್ಲಿ ಓಡುವ ಫಿಲ್ಮೇ ಗಡಿಯಾರ. ಅವನ ಪಾಲಿಗೆ ಬಂದ ಸಣ್ಣ ಅಳತೆಯ ಫಿಲ್ಮು ಕ್ಯಾಮೆರಾದಲ್ಲಿ ನಿಮಿಷಕ್ಕೆ ಮೂವತ್ತಾರು ಅಡಿ ಓಡುತ್ತದೆ. ನೂರು ಅಡಿಯ ಒಂದು ರೀಲು ಎಂದರೆ ಎರಡೂಮುಕ್ಕಾಲು ನಿಮಿಷ, ಅಷ್ಟಕ್ಕೆ ಮುಗಿಯಿತು. ಊರಿಗೆ ಮರಳಿದ ಮೇಲೂ ಅವನ ತಲೆಯೊಳಗೆ ಅದು ಓಡುವುದು ನಿಂತಿಲ್ಲ. ಗಂಜಿ ಬೇಯಲು ಸಾವಿರ ಅಡಿ. ಸ್ನಾನಕ್ಕೆ ಇನ್ನೂರು ಅಡಿ. ಅಮ್ಮ ಊಟಕ್ಕೆ ಕರೆದರೆ "ನೂರು ಅಡಿ ತಡಿ ಅಕ್ಕಾ" ಎನ್ನುತ್ತಾನೆ.

"ನೀ ನೂರು ಅಡಿ ಅಲ್ಲೇ ನಿಲ್ಲು. ಬೆಕ್ಕು ಎರಡು ಅಡಿ ದೂರದಲ್ಲಿ ಅದೆ" ಎನ್ನುತ್ತಾಳೆ ಅಮ್ಮ.

ಒಮ್ಮೆ ಹೊನ್ನಾವರದಿಂದ ಭಟ್ಕಳದ ಬಸ್ಸು ಹತ್ತಿದೆವು. ಬಸ್ಸು ಹೊರಡುವುದು ತಡವಾಯಿತು. ಮಾವ ಕಂಡಕ್ಟರನ ಹತ್ತಿರ ಜಗಳಕ್ಕೆ ನಿಂತ.

"ನಿಮ್ಮ ಬಸ್ಸು ಐನೂರು ಅಡಿ ಲೇಟು."

"ಎಂತ ಅಡಿ ಅಜ್ಜಾ? ಬಸ್ಸು ಇಲ್ಲೇ ನಿಂತದೆ, ಒಂದು ಅಡಿ ಆಚೀಚೆ ಆಗ್ಲಿಲ್ಲ."

ಮಾವ ಲೆಕ್ಕ ವಿವರಿಸಿದ. ಭಟ್ಕಳಕ್ಕೆ ಒಂದು ಗಂಟೆಯ ದಾರಿ, ಅಂದರೆ ಎರಡು ಸಾವಿರದ ನೂರ ಅರವತ್ತು ಅಡಿ. ಕಂಡಕ್ಟರ್ ಗಂಭೀರವಾಗಿ ತಲೆಯಾಡಿಸಿ ಹೇಳಿದ: "ಆತು ಅಜ್ಜಾ. ನಿಮ್ಮ ಲೆಕ್ಕದಲ್ಲಿ ಟಿಕೆಟ್ ಕೊಟ್ರೆ ನಿಮ್ಮನ್ನ ಬಸ್ ಸ್ಟ್ಯಾಂಡಿನ ಆಚೆ ತಿರುವಿನಲ್ಲೇ ಇಳಿಸ್ಬೇಕಾಗ್ತದೆ."

ಮಾವನಿಗೆ ಮದುವೆ ಯಾಕೆ ಆಗಲಿಲ್ಲ ಎಂದು ನೀವು ಕೇಳಬಹುದು. ಆಗುವುದರಲ್ಲಿತ್ತು. ರಜೆಗೆ ಬಂದಾಗ ಕುಮಟೆಯ ಹತ್ತಿರ ಹೆಣ್ಣು ನೋಡಲು ಕರೆದುಕೊಂಡು ಹೋಗಿದ್ದರು. ಹುಡುಗಿ ಚಹಾ ತಂದಿಟ್ಟಳು. ಮಾವ ಒಂದು ಕಣ್ಣು ಮುಚ್ಚಿದ. ಎರಡೂ ಕೈಯ ಹೆಬ್ಬೆರಳು, ತೋರುಬೆರಳು ಕೂಡಿಸಿ ಚೌಕ ಮಾಡಿ ಅದರೊಳಗಿಂದ ನೋಡಿದ. "ಚೂರು ಕಿಟಕಿ ಕಡೆ ತಿರುಗು" ಎಂದ. ತಿರುಗಿದಳು, ಪಾಪ. "ಈಗ ನಿನ್ನ ಅಪ್ಪ ಹಿಂದಿಂದ ಸರಿಬೇಕು" ಎಂದ. ಅಪ್ಪ ಸರಿಯಲಿಲ್ಲ. ಸಂಬಂಧವೇ ಸರಿಯಿತು.

ಮೊದಲು ವಿಡಿಯೊ ಬಂತು, ಅದರ ಹಿಂದೆಯೇ ಡಿಜಿಟಲ್ ಬಂತು; ಸಣ್ಣ ಫಿಲ್ಮಿನ ಕೆಲಸ ನಿಂತುಹೋಯಿತು. ಮಾವ ಊರಿಗೆ ಬಂದ. ಹತ್ತೊಂಬತ್ತು ವರ್ಷದ ದುಡಿಮೆಯಿಂದ ಅವನು ತಂದದ್ದು ಚಾವಿ ಕೊಟ್ಟು ಓಡಿಸುವ ಒಂದು ಹಳೆಯ ಫಿಲ್ಮ್ ಕ್ಯಾಮೆರಾ, ಇನ್ನೂ ಬಳಸದ ಫಿಲ್ಮಿನ ಎರಡು ದುಂಡು ಡಬ್ಬಿ. ಒಂದೊಂದರಲ್ಲಿ ನೂರು ಅಡಿ. ಫಿಲ್ಮು ಕೆಡದಿರಲು ತಂಪು ಬೇಕು. ನಮ್ಮ ಮನೆಯಲ್ಲಿ ಆಗ ಫ್ರಿಜ್ಜು ಎಲ್ಲಿತ್ತು? ಮಾವ ಬಂದರಿನ ಐಸ್ ಪ್ಲಾಂಟಿಗೆ ಹೋಗಿ ಕೆಲಸಕ್ಕೆ ಸೇರಿಕೊಂಡ. ಜನ ಹೊಟ್ಟೆಪಾಡಿಗೆ ಕೆಲಸ ಹಿಡಿಯುತ್ತಾರೆ. ಮಾವ ಹಿಡಿದದ್ದು ಡಬ್ಬಿಪಾಡಿಗೆ.

ಆ ಎರಡು ಡಬ್ಬಿಗಳಲ್ಲಿ ಮೊದಲನೆಯದರ ಕಥೆಯಿಂದಲೇ ಮಾವನ ಮಾನ ಹೋದದ್ದು. ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ಅಮ್ಮ ಹೊನ್ನಾವರದ ಪೇಟೆಯಲ್ಲಿ ಮೀನು ಮಾರುತ್ತಿದ್ದಳು. ದಿನಾ ಬೆಳಿಗ್ಗೆ ಬಂದರಿಗೆ ಹೋಗಿ, ಮೀನು ಕೊಂಡು, ಮಾವನ ಐಸ್ ಪ್ಲಾಂಟಿನಿಂದ ಐಸು ತೆಗೆದುಕೊಂಡು, ಬುಟ್ಟಿ ಹೊತ್ತು ನಡೆಯುವವಳು. ಅದು ಮಾವನ ಕಣ್ಣಿಗೆ ಬಿತ್ತು.

"ಅಕ್ಕಾ, ನಾಳೆ ಚಂದ ಸೀರೆ ಉಟ್ಕ. ಬುಟ್ಟಿ ಹೊತ್ಕಂಡು ನಡೆದು ಬಾ. ನಿನ್ನ ಸಿನಿಮಾ ತೆಗೀತೆ."

ಅಮ್ಮ ನಗಾಡಿದಳು, ಆದರೆ ಮರುದಿನ ಪೆಟ್ಟಿಗೆಯಿಂದ ತೆಗೆದ ಸೀರೆ ಉಟ್ಟು, ಅಬ್ಬಲಿಗೆ ಮುಡಿದು ಬಂದಳು. ಫಿಲ್ಮಿನಲ್ಲಿ ತಪ್ಪಿದರೆ ಅಳಿಸಲಾಗುವುದಿಲ್ಲ. ಹಾಗಾಗಿ ಮಾವ ಮೊದಲು ಖಾಲಿ ಕ್ಯಾಮೆರಾ ಹಿಡಿದು ನಡೆಸುತ್ತಾನೆ. ಒಂದು ಸಲ ನಡೆಸಿದ. ಎರಡು ಸಲ ನಡೆಸಿದ. ಮೂರನೆಯ ಸಲಕ್ಕೆ ಬುಟ್ಟಿಯೊಳಗಿನ ಬಂಗಡೆ ಮೆತ್ತಗಾಗತೊಡಗಿತ್ತು. ನಾಲ್ಕನೆಯದು ನಿಜವಾದದ್ದು. ತೆಗೆದಾದ ಮೇಲೆ ಮಾವ ರೀಲನ್ನು ಡಬ್ಬಿಗೆ ಹಾಕಿ, ಡಬ್ಬಿಯ ಸುತ್ತ ಬಲೆ ಹೆಣೆಯುವ ದಾರ ಕಟ್ಟಿ, ಐಸಿನ ಪೆಟ್ಟಿಗೆಯಲ್ಲಿ ಇನ್ನೊಂದು ಡಬ್ಬಿಯ ಪಕ್ಕ ಇಟ್ಟ. ಚೀಟಿ ಅಂಟಿಸಿದರೆ ಐಸಿನ ನೀರಿಗೆ ಕರಗಿ ಹೋಗುತ್ತದೆ ಎಂದು ಅವನೇ ಮಾಡಿಕೊಂಡ ಕ್ರಮ ಅದು: ದಾರ ಇದ್ದದ್ದು ತೆಗೆದಾದ ರೀಲು, ದಾರ ಇಲ್ಲದ್ದು ಖಾಲಿ ರೀಲು. ಮಾರನೆಯ ದಿನ ದಾರ ಕಟ್ಟಿದ ಡಬ್ಬಿಯನ್ನು ತೊಳೆಯಲು ಮುಂಬಯಿಗೆ ಕಳಿಸಿದ.

ತಿಂಗಳ ಮೇಲೆ ಬಂತು. ಕೇರಿಯೆಲ್ಲ ನಮ್ಮ ಅಂಗಳದಲ್ಲಿ. ಮಾವ ರೀಲನ್ನು ಬಿಚ್ಚಿ ಬಿಸಿಲಿಗೆ ಹಿಡಿದ. ಏನೂ ಇಲ್ಲ. ನೂರು ಅಡಿಯೂ ಗಾಜಿನ ಹಾಗೆ ಸ್ವಚ್ಛ. ಆಚೆ ಮನೆಯ ತೆಂಗಿನ ಮರ ಅದರೊಳಗಿಂದ ಲಾಯಕ್ಕಾಗಿ ಕಂಡಿತು.

"ನೂರು ಅಡಿಯಲ್ಲಿ ನನ್ನದು ಒಂದು ಅಡಿನಾದ್ರೂ ಕಾಣೂದು ಬೇಡನಾ ತಮಾ?" ಎಂದು ಅಮ್ಮ ತನ್ನ ಪಾದ ತೋರಿಸಿ ಕೇಳಿದಳು. ಅಂಗಳ ನಕ್ಕಿತು. ಅಮ್ಮ ನಗಲಿಲ್ಲ.

ಕನ್ನಡದಲ್ಲಿ ರೀಲು ಬಿಡುವುದು ಎಂದರೆ ಏನೆಂದು ನಾನು ನಿಮಗೆ ಹೇಳಬೇಕಾಗಿಲ್ಲ. ಅಂದಿನಿಂದ ಮಾವ 'ರೀಲು ಬಿಡುವ ಮಾವ' ಆದ. ಈಗಿನ ಹುಡುಗಿಯರು ಮೊಬೈಲಿನಲ್ಲಿ ರೀಲ್ಸ್ ಮಾಡುವ ಕಾಲ ಬಂದಮೇಲಂತೂ "ನಮ್ಮ ಊರಲ್ಲಿ ಮೊದಲು ಶುರು ಮಾಡಿದ್ದು ಇವರೇ" ಎಂದು ಗೌರವ ಬೇರೆ. ಆ ಸ್ವಚ್ಛ ರೀಲನ್ನು ಅಮ್ಮ ವ್ಯರ್ಥ ಮಾಡಲಿಲ್ಲ. ಒಣಮೀನು ಹರವಿದಲ್ಲಿ ಕಾಗೆ ಓಡಿಸಲು ಕಟ್ಟಿದಳು. ಗಾಳಿಗೆ ಪಟಪಟ ಹೊಡೆದುಕೊಂಡು ಅದು ಎರಡು ವರ್ಷ ಕೆಲಸ ಮಾಡಿತು. ಮಾವ ಆ ಕಡೆ ತಲೆ ಹಾಕುತ್ತಿರಲಿಲ್ಲ.

ಇನ್ನೊಂದು ಬದಲಾವಣೆ ಆದದ್ದು ಊಟದ ತಟ್ಟೆಯಲ್ಲಿ. ಅಂದಿನಿಂದ ಬಂಗಡೆ ಸಾರು ಮಾಡಿದ ದಿನ ಮಾವನ ತಟ್ಟೆಗೆ ಬಾಲದ ತುಂಡೇ ಬೀಳುತ್ತದೆ. ತಲೆಯೂ ಇಲ್ಲ, ನಡುವೂ ಇಲ್ಲ. ಅವನೂ ಕೇಳಿದವನಲ್ಲ. ಒಮ್ಮೆ ಮಾತ್ರ ನನ್ನ ಹತ್ತಿರ ಹೇಳಿದ್ದ: "ಊರವರು ಎಂತ ಬೇಕಾದ್ರೂ ಹೇಳ್ಲಿ ಮಾರಾಯಾ. ನಾ ತೆಗೆದದ್ದು ಖರೆ. ಅಕ್ಕನೂ ನಂಬ್ಲಿಲ್ಲಲ." ಕತ್ತಲಲ್ಲಿ ಹತ್ತೊಂಬತ್ತು ವರ್ಷ ಒಂದು ಗೆರೆ ಬೀಳದ ಹಾಗೆ ಫಿಲ್ಮು ತೊಳೆದವನು, ಹಗಲಲ್ಲಿ, ಅಕ್ಕನೆದುರು ಸುಳ್ಳುಗಾರನಾಗಿದ್ದ.

ಉಳಿದದ್ದು ಒಂದು ಡಬ್ಬಿ. ಅದರಲ್ಲಿ ಏನು ತೆಗೆದರೂ ಅಕ್ಕ ಕಣ್ಣಾರೆ ನೋಡಿ ಬಾಯಿ ಮುಚ್ಚಬೇಕು, ಅಂಥದ್ದೇ ಆಗಬೇಕು. ಹಾಗೆಂದು ಮಾವ ಕಾಯತೊಡಗಿದ. ಕಾಯುವುದೆಂದರೆ ಎಂಥ ಕಾಯುವುದು! ಮನೆಗೆ ಫ್ರಿಜ್ಜು ಬಂದಮೇಲೆ ಡಬ್ಬಿ ಅದರೊಳಗೆ, ಮೀನಿನ ಪಕ್ಕ ಕುಳಿತಿತು. ಒಮ್ಮೆ ಬಂದ ನೆಂಟರೊಬ್ಬರು ಅದನ್ನು ಭಟ್ಕಳದ ಹಲ್ವದ ಡಬ್ಬಿ ಎಂದು ತಿಳಿದು ಕೈಯಲ್ಲಿ ಹಿಡಿದು ಮುಚ್ಚಳ ತಿರುಗಿಸುತ್ತಿದ್ದರು. ಮಾವ ಅಂಗಳದಿಂದ ಹಾರಿ ಬಂದು ಅವರ ಕೈ ಹಿಡಿದ. "ನಂಗೆ ಸಕ್ಕರೆ ಕಾಯಿಲೆ ಅಂತ ಇವರಿಗೆ ಹೇಳಿದ್ದು ಯಾರು?" ಎಂದು ನೆಂಟರು ಕಣ್ಣೀರು ತಂದುಕೊಂಡರು.

ಗೇರುಸೊಪ್ಪದಲ್ಲಿ ಅಣೆಕಟ್ಟೆಯ ಬಾಗಿಲು ತೆರೆಯುತ್ತಾರೆಂದು ಸುದ್ದಿ ಬಂದಾಗ ಕ್ಯಾಮೆರಾ ಹೆಗಲಿಗೇರಿಸಿ ಹೋದ. ನೀರು ಧುಮುಕುವುದನ್ನು ಸಾವಿರ ಅಡಿ ಹೊತ್ತು ನೋಡಿದ, ಚಾವಿ ಕೊಟ್ಟ, ಇಳಿಸಿದ, ವಾಪಸು ಬಂದ. "ಈ ನೀರು ಮತ್ತೂ ಬರ್ತದೆ" ಎಂದ. ದೊಡ್ಡ ಮಂತ್ರಿಯೊಬ್ಬರು ಸೇತುವೆಗೆ ಕಲ್ಲು ಹಾಕಲು ಬಂದಾಗಲೂ ತೆಗೆಯಲಿಲ್ಲ. "ಇವರು ಇದೇ ಕಲ್ಲಿಗೆ ಮತ್ತೂ ಬರ್ತ್ರು" ಎಂದ. ಆ ಮಾತಂತೂ ಸುಳ್ಳಾಗಲಿಲ್ಲ.

ನನ್ನ ಕೆಲಸದ ಬಗ್ಗೆ ಅವನ ಅಭಿಪ್ರಾಯ ಕೇಳಿ. ನಾನು ಓದು ಬಿಟ್ಟು, ಬೋಟಿನಲ್ಲಿ ದುಡಿದು, ಬಾಡಿಗೆ ಕ್ಯಾಮೆರಾ ಹಿಡಿದು, ರಾತ್ರಿ ಕೂತು ಕಂಪ್ಯೂಟರ್ ಕಲಿತು, ಯಾರ ಕೈಕಾಲೂ ಹಿಡಿಯದೆ ಸ್ಟುಡಿಯೊ ಕಟ್ಟಿದವನು. ಒಂದು ಮದುವೆಗೆ ಹನ್ನೊಂದು ಗಂಟೆ ವಿಡಿಯೊ ತೆಗೆಯುತ್ತೇನೆ. ಮಾವ ಅದರಲ್ಲಿ ಹನ್ನೊಂದು ಅಡಿಯನ್ನೂ ನೋಡಿದವನಲ್ಲ.

"ನಿನ್ನ ಡಿಜಿಟಲ್ಲು ನಲ್ಲಿ ನೀರು ಅಳಿಯಾ. ತಿರುಗಿಸಿಟ್ಟು ಒಳಗೆ ಹೋಗಿ ನಿದ್ದೆ ಮಾಡ್ಲಕ್ಕು. ನಮ್ಮದು ಬಾವಿ. ಸೇದುವವನಿಗೆ ಕೈ ನೋಯ್ತದೆ, ಅದಕ್ಕೇ ಚೆಲ್ಲೂದಿಲ್ಲ."

"ನಲ್ಲಿ ನೀರಲ್ಲೇ ಮಾವ, ನೀವು ಉಣ್ಣುವ ಅನ್ನ ಬೇಯೂದು" ಎಂದೆ. ನನಗೂ ಮಾತು ಬರುತ್ತದೆ.

ಹಿರೇಗುತ್ತಿಯ ಮದುವೆಯೊಂದರಲ್ಲಿ ನನ್ನ ಜತೆಯವನು ಕೈಕೊಟ್ಟ. ಬೇರೆ ದಾರಿ ಇಲ್ಲದೆ ಎರಡನೆಯ ಕ್ಯಾಮೆರಾವನ್ನು ಮಾವನ ಕೈಗೆ ಕೊಟ್ಟೆ. ಮುಹೂರ್ತಕ್ಕೆ ಮುಂಚೆ ಅವನು ಮದುಮಗನ ಕಿವಿಯಲ್ಲಿ ಏನೋ ಹೇಳುತ್ತಿದ್ದ. ನೋಡಿದರೆ ತಾಳಿ ಕಟ್ಟುವ ರಿಹರ್ಸಲ್! ಮದುಮಗ ತಾಳಿಯನ್ನು ಹುಡುಗಿಯ ಕೊರಳ ಹತ್ತಿರ ಒಯ್ದು ವಾಪಸು ತರುತ್ತಿದ್ದಾನೆ, ಒಯ್ದು ವಾಪಸು ತರುತ್ತಿದ್ದಾನೆ. ಹುಡುಗಿಯ ತಾಯಿ ಗಂಡಿಗೆ ಮನಸ್ಸಿಲ್ಲವೆಂದು ತಿಳಿದು ಕುರ್ಚಿ ಹಿಡಿದುಕೊಂಡಳು.

"ಮುಹೂರ್ತಕ್ಕೆ ಇನ್ನೂ ಎಷ್ಟು ಹೊತ್ತು?" ಎಂದು ಯಾರೋ ಕೇಳಿದರು.

"ನೂರೈವತ್ತು ಅಡಿ" ಎಂದ ಮಾವ.

ಭಟ್ಟರು ಪಂಚಾಂಗ ತೆಗೆದು ನೋಡಿದರು. "ಇದರಲ್ಲಿ ಅಡಿ ಹಾಕಿಲ್ಲ" ಎಂದರು.

ಸಂಜೆ ಕಾರ್ಡು ನೋಡಿದರೆ, ಇಡೀ ದಿನದಲ್ಲಿ ಮಾವ ತೆಗೆದದ್ದು ನಾಲ್ಕು ನಿಮಿಷ. ಮದುಮಗಳ ಬೆವರಿದ ಅಂಗೈ. ಒಂದೇ ಚಪ್ಪಲಿ ಹಾಕಿಕೊಂಡು ಇನ್ನೊಂದನ್ನು ಹುಡುಕುವ ಅಜ್ಜ. ಯಾರಿಗೂ ಕಾಣದ ಹಾಗೆ ಕಂಬದ ಹಿಂದೆ ಮುಖ ತೊಳೆದುಕೊಳ್ಳುವ ಹುಡುಗಿಯ ಅಪ್ಪ. ತಾಳಿ ಕಟ್ಟುವುದು ಇಲ್ಲವೇ ಇಲ್ಲ.

"ತಾಳಿ ಎಲ್ಲಿ ಮಾವ?"

"ಅದನ್ನ ನೀ ಮೂರು ಬದಿಯಿಂದ ತೆಗೀತಾ ಇದ್ದಿದ್ದೆಯಲ."

ಆ ಮನೆಯವರು ಈಗಲೂ ನೋಡುವುದು ಆ ನಾಲ್ಕು ನಿಮಿಷ ಮಾತ್ರ. ನನ್ನ ಹನ್ನೊಂದು ಗಂಟೆಯನ್ನು ನೋಡಿದ್ದೀರಾ ಎಂದು ನಾನು ಕೇಳಲು ಹೋಗಿಲ್ಲ. ನನಗೂ ಮಾನವಿದೆ.

ಹೋದ ವರ್ಷ ನನ್ನ ದೊಡ್ಡ ಹಾರ್ಡ್ ಡಿಸ್ಕೊಂದು ಸತ್ತುಹೋಯಿತು. ಅದರೊಳಗೆ ಹದಿನೆಂಟು ಮದುವೆ. ನಾನು ಹದಿನೆಂಟೂ ಮನೆಗೆ ಹೋಗಿ, ತಲೆ ತಗ್ಗಿಸಿ, ನಿಮ್ಮ ಮೂಲ ವಿಡಿಯೊ ಇನ್ನು ನನ್ನ ಬಳಿ ಇಲ್ಲ ಎಂದು ಹೇಳಿ ಬಂದೆ. ಹದಿನಾಲ್ಕು ಮನೆಯವರು "ನೀವು ಕೊಟ್ಟದ್ದನ್ನೇ ನಾವು ಇನ್ನೂ ನೋಡ್ಲಿಲ್ಲ, ಬಿಡಿ" ಎಂದು ಸಮಾಧಾನ ಹೇಳಿದರು. ಅಂಥ ಸಮಾಧಾನ ಶತ್ರುವಿಗೂ ಬೇಡ. ಮನೆಗೆ ಬಂದು ಗೋಡೆ ನೋಡುತ್ತ ಕೂತೆ. ಮಾವ ಈಗ ನಲ್ಲಿ, ಬಾವಿ ಎಂದು ಶುರು ಮಾಡುತ್ತಾನೆ ಎಂದು ಕಾದೆ. ಅವನು ಎದ್ದು ಅಡುಗೆಮನೆಗೆ ಹೋದ. ಫ್ರಿಜ್ಜಿನ ಬಾಗಿಲು ತೆರೆದು, ತುಂಬ ಹೊತ್ತು ಒಳಗೆ ನೋಡಿ, ಮುಚ್ಚಿದ.

ಮುಂದಿನ ಭಾನುವಾರ ಹಳದೀಪುರದಲ್ಲಿ ಮದುವೆ. ನಾನು ಕ್ಯಾಮೆರಾ ಹಿಡಿದು, ಬೆನ್ನು ಬಗ್ಗಿಸಿ, ಹಿಂದೆ ಹಿಂದೆ ನಡೆಯುತ್ತ ಮದುಮಕ್ಕಳನ್ನು ತೆಗೆಯುತ್ತಿದ್ದೆ. ಎಲ್ಲಿಂದಲೋ ಕಿರಕಿರ ಸದ್ದು. ಮಾವ! ಮಂಟಪದ ಮೂಲೆಯಲ್ಲಿ ಕಂಬಳಿ ಹೊದ್ದು, ಕತ್ತಲು ಮಾಡಿಕೊಂಡು, ಬರೇ ಕೈಯ ಅಂದಾಜಿನಲ್ಲಿ ಆ ಕೊನೆಯ ರೀಲನ್ನು ಹಾಕಿ ಎದ್ದು ಬಂದಿದ್ದ. ಮದುಮಕ್ಕಳ ಕಡೆ ಅವನ ಕ್ಯಾಮೆರಾ ತಿರುಗಿರಲೇ ಇಲ್ಲ. ನನ್ನ ಕಡೆ ಇತ್ತು. ಚಾವಿ ಕೊಡುವುದು, ತೆಗೆಯುವುದು, ಚಾವಿ ಕೊಡುವುದು, ತೆಗೆಯುವುದು. ನೂರು ಅಡಿಯನ್ನೂ ಮುಗಿಸಿದ.

"ಎಂತ ಮಾವ ಇದು? ಇಷ್ಟು ವರ್ಷ ಇಟ್ಟುಕೊಂಡದ್ದನ್ನ ನನ್ನ ಮೇಲೆ ಹಾಳು ಮಾಡೂದಾ?"

"ನೀ ಊರವರನ್ನೆಲ್ಲ ತೆಗೆದೆ. ನೀನು ಯಾರ ವಿಡಿಯೊದಲ್ಲಿ ಇದ್ದೆ ಹೇಳು. ಒಂದು ಮೊಳಕೈನಾದ್ರೂ ಅದೆಯಾ?" ಎಂದು ಕಂಬಳಿ ಮಡಚಿದ.

ಮುಂಬಯಿಯಲ್ಲಿ ಇಂಥ ಫಿಲ್ಮು ತೊಳೆಯುವವರು ಇನ್ನೂ ಇದ್ದಾರೆಂದು ಹುಡುಕಿ ಕಳಿಸಿದೆ. ತೊಳೆದು, ಸ್ಕ್ಯಾನ್ ಮಾಡಿ, ಮೊಬೈಲಿಗೆ ಕಳಿಸಿದರು. "ಅಂತೂ ಬಾವಿ ನೀರೂ ನಲ್ಲಿಯಲ್ಲೇ ಬಂತು" ಎಂದು ಮಾವ ಮುಖ ಸಣ್ಣ ಮಾಡಿದ. ಟಿವಿಗೆ ಹಾಕಿದೆ. ಅಮ್ಮ ಕೆಳಗೆ ಕೂತು ಶೆಟ್ಲಿ ಸಿಗಡಿಯ ಸಿಪ್ಪೆ ಸುಲಿಯುತ್ತಿದ್ದಳು. "ಈ ಸಲವೂ ಸ್ವಚ್ಛ ಬಂದ್ರೆ ನಂಗೆ ಕೊಡಿ, ಕಾಗೆ ಹೆಚ್ಚಾಗಿದಾವೆ" ಎಂದಳು.

ಮೊದಲು ಬರೇ ಮಂಜು. ಆಮೇಲೆ ಮಂಟಪ, ಮಂಟಪದಲ್ಲಿ ನಾನು. ನನ್ನ ಬಗ್ಗಿದ ಬೆನ್ನು, ಬೋಳಾಗುತ್ತಿರುವ ನೆತ್ತಿ. ನನ್ನನ್ನು ನಾನು ಕೆಲಸ ಮಾಡುವಾಗ ಮೊದಲ ಸಲ ನೋಡಿದೆ. ಅಷ್ಟರಲ್ಲಿ ನನ್ನ ತಲೆಯ ಮೇಲೆ, ಮಂಟಪದ ಚಪ್ಪರದಿಂದ, ಒಬ್ಬ ಹೆಂಗಸು ತಲೆಕೆಳಗಾಗಿ ಇಳಿದು ಬಂದು ಹಿಮ್ಮುಖವಾಗಿ ನಡೆಯತೊಡಗಿದಳು. ಬುಟ್ಟಿ ಕೆಳಗೆ, ಕಾಲು ಮೇಲೆ.

"ಯಾರದು, ಬಾವಲಿ ನಮೂನೆ?" ಎಂದಳು ಅಮ್ಮ. ಮತ್ತೆ ಅವಳ ಕೈ ನಿಂತಿತು. "ಆ ಸೀರೆ ನಂದು."

ಮಾವ ಎದ್ದು ನಿಂತ. "ಬಾಲ" ಎಂದ. "ಅಳಿಯಾ, ನಾ ಬಾಲದಿಂದ ಹಾಕಿದ್ದೆ."

ತೆಗೆದಾದ ರೀಲು ಸುತ್ತಿಕೊಳ್ಳುವಾಗ ತಲೆ ಒಳಗೆ ಹೋಗುತ್ತದೆ, ಬಾಲ ಹೊರಗೆ ಉಳಿಯುತ್ತದೆ. ಅದನ್ನೇ ಖಾಲಿ ಎಂದು ಮತ್ತೊಮ್ಮೆ ಹಾಕಿದರೆ ಬಾಲದಿಂದ ಓಡುತ್ತದೆ. ಹಳೆಯ ಚಿತ್ರ ತಲೆಕೆಳಗಾಗಿ, ಹಿಂದುಮುಂದಾಗಿ ನಿಲ್ಲುತ್ತದೆ, ಅದರ ಮೇಲೆ ಹೊಸದು ಕೂರುತ್ತದೆ. ಅಂದರೆ ಫ್ರಿಜ್ಜಿನಲ್ಲಿ ಇಷ್ಟು ವರ್ಷ ಇದ್ದದ್ದು ಖಾಲಿ ರೀಲಲ್ಲ. ಮುಂಬಯಿಗೆ ಹೋಗಿ ಸ್ವಚ್ಛವಾಗಿ ಬಂದದ್ದೇ ಖಾಲಿ ರೀಲು. ನನ್ನ ಕಾರ್ಡಿನಲ್ಲಿ ಒಂದರ ಮೇಲೆ ಒಂದು ಬಿದ್ದರೆ ಹಳೆಯದು ಸತ್ತಂತೆ. ಫಿಲ್ಮು ಎರಡನ್ನೂ ಇಟ್ಟುಕೊಂಡಿತ್ತು.

ನಾನು ಕಂಪ್ಯೂಟರಿಗೆ ಹಾಕಿ ತಲೆಕೆಳಗು ಮಾಡಿದೆ, ಹಿಂದುಮುಂದು ಮಾಡಿದೆ. ಅರ್ಧ ನಿಮಿಷದ ಕೆಲಸ. "ನಿನ್ನ ನಲ್ಲಿಗೆ ಇಷ್ಟೆಲ್ಲ ಬರ್ತದಾ?" ಎಂದ ಮಾವ, ಹೊಗಳಿದ ಹಾಗೆ. ಈಗ ಅಮ್ಮ ನೆಟ್ಟಗಾದಳು. ಬುಟ್ಟಿ ಹೊತ್ತು, ಅಬ್ಬಲಿಗೆ ಮುಡಿದು, ಬಂದರಿನ ಬೆಳಕಿನಲ್ಲಿ ನಮ್ಮ ಕಡೆಗೆ ನಡೆದು ಬರುತ್ತಿದ್ದಾಳೆ. ಅವಳಿಗೆ ಆಗ ನಲವತ್ತಾರು. ನನಗೆ ಈಗ ನಲವತ್ತಾರು. ನಾನು ಅವಳ ಕಾಲಡಿಗೆ, ಶರಾವತಿಯ ನೀರಿನಲ್ಲಿ ಬಿದ್ದ ನೆರಳಿನ ಹಾಗೆ, ತಲೆಕೆಳಗಾಗಿ. ಊರಿನವರ ಅಮ್ಮಂದಿರನ್ನೆಲ್ಲ ತೆಗೆದ ನಾನು ನನ್ನ ಅಮ್ಮನನ್ನು ಒಂದು ಸಲವೂ ತೆಗೆದಿರಲಿಲ್ಲ. ಮನೆಯಲ್ಲೇ ಇದ್ದಾಳೆ, ಯಾವತ್ತು ಬೇಕಾದರೂ ತೆಗೆದರೆ ಆಯಿತು ಎಂದು.

ಫಿಲ್ಮಿಗೆ ಸದ್ದಿಲ್ಲ. ಅಮ್ಮ ಅದರಲ್ಲಿ ಏನೋ ಹೇಳುತ್ತಿದ್ದಳು.

"ಎಂತ ಹೇಳ್ತಾ ಇದ್ದೆ ಅಮ್ಮ?"

"ಲಗು ಮುಗಿಸಾ, ಬಂಗಡೆ ಮೆತ್ತಗಾಗ್ತದೆ ಅಂತ." ಅವಳು ಟಿವಿಯಿಂದ ಕಣ್ಣು ತೆಗೆಯಲಿಲ್ಲ. "ತಮಾ, ಆ ದಾರ ನಾನೇ ಬಿಚ್ಚಿದ್ದೆ."

ಮಾವ ಅವಳನ್ನು ನೋಡಿದ.

"ಆ ದಿನ ಐಸು ತೆಗೂಕೆ ಬಂದಾಗ ಬುಟ್ಟಿ ಮೇಲಿನ ಗೋಣಿ ಗಾಳಿಗೆ ಹಾರ್ತಾ ಇತ್ತು. ಕಟ್ಟೂಕೆ ಡಬ್ಬಿ ದಾರ ತಕಂಡೆ. ಸಂಜೆ ತಂದು ಮತ್ತೆ ಕಟ್ಟಿಟ್ಟೆ. ಎರಡು ಡಬ್ಬಿ ಇತ್ತು, ಎರಡೂ ಒಂದೇ ನಮೂನೆ. ಯಾವುದಕ್ಕೆ ಅಂತ ನೋಡ್ಲಿಲ್ಲ. ದಾರಕ್ಕೆ ಅಷ್ಟು ಅರ್ಥ ಅದೆ ಅಂತ ನಂಗೆ ಎಂತ ಗೊತ್ತು?" ಶೆಟ್ಲಿಯ ಬಟ್ಟಲು ಪಕ್ಕಕ್ಕಿಟ್ಟು ಕೇಳಿದಳು: "ಎಷ್ಟು ವರ್ಷ ಆತು?"

"ನಲವತ್ತೊಂದೂವರೆ ಕೋಟಿ ಅಡಿ" ಎಂದ ಮಾವ. ಲೆಕ್ಕ ಮಾಡಲು ನಿಲ್ಲಲಿಲ್ಲ. "ದೊಡ್ಡದೇನಲ್ಲ ಅಕ್ಕಾ."

ಮಧ್ಯಾಹ್ನ ಊಟಕ್ಕೆ ಬಂಗಡೆ ಸಾರು. ಅಮ್ಮ ಮಾವನ ತಟ್ಟೆಗೆ ತಲೆಯನ್ನೂ ಬಡಿಸಿದಳು, ನಡುವಿನ ತುಂಡನ್ನೂ ಬಡಿಸಿದಳು. ಮಾವ ಅನ್ನಕ್ಕೆ ಕೈ ಹಾಕದೆ ಕೂತಿದ್ದ.

"ಬಾಲ ಎಲ್ಲಿ ಅಕ್ಕಾ?"

"ಅದು ನಂಗೆ. ನೀ ಉಣ್ಣು."

ನನ್ನ ಬಳಿ ಈಗ ಇರುವುದು: ಕ್ಯಾಮೆರಾ ಮೂರು, ಡ್ರೋನ್ ಒಂದು, ಹಾರ್ಡ್ ಡಿಸ್ಕ್ ಹನ್ನೊಂದು, ಅದರಲ್ಲಿ ಸತ್ತದ್ದು ಒಂದು. ಮಾವ ಒಬ್ಬ. ಅಮ್ಮ ಒಬ್ಬಳು. ಅಮ್ಮನೂ ನಾನೂ ಒಟ್ಟಿಗೆ ಇರುವ ರೀಲು ಒಂದು, ನೂರು ಅಡಿ.